ಕಡಲಿನ ಬಾಗಿಲು ತೆರೆದಿರುವಾಗ



ರಾಗಿ ಬಡಿದು ಮನೆ ಸೇರಿದೆ. ಅವರೆಯ ಸೊಗಡು ಮುಗಿಯುತ್ತ ಬಂದಿದೆ. ಅರಕಲಗೂಡಿನ ಕಡೆಯಿಂದ ರಾಮನಾಥಪುರದ ಹರಾಜು ಕಟ್ಟೆಗೆ ಹೊಗೆಸೊಪ್ಪು ಹೊತ್ತು ಹೋಗುವ ಗಾಡಿಗಳೂ ಕಡಿಮೆಯಾಗಿವೆ. ನಮ್ಮ ಹೊಳೆನರಸೀಪುರದಲ್ಲಿ ಬೆಳಗಿನ ಜಾವ ಹೇಮಾವತಿಯ ಮೇಲೆ ಮಂಜು ಇನ್ನೂ ಕೂತಿರುತ್ತದೆ. ಆದರೆ ಹತ್ತು ಗಂಟೆ ಹೊತ್ತಿಗೆ ಶಾಲು ತೆಗೆದಿಡಬೇಕು. ಶಿವರಾತ್ರಿ ಬಂದರೆ ಚಳಿ ‘ಶಿವ ಶಿವಾ’ ಅಂತ ಹೊರಟುಹೋಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಚಳಿ ಹಾಗೆ ಗಂಟುಮೂಟೆ ಕಟ್ಟುವ ಈ ಮೂರು ನಾಲ್ಕು ವಾರ ನಮ್ಮ ಸೀಮೆಯವರಿಗೆ ಬಿಡುವಿನ ಕಾಲ. ಮಕ್ಕಳು ‘ಸಮುದ್ರ ನೋಡಬೇಕು’ ಅಂತ ಹಟ ಹಿಡಿಯುವ ಕಾಲವೂ ಇದೇ.

ಕಳೆದ ವಾರ ನಮ್ಮ ಬೀದಿಯ ತಾಯಿಯೊಬ್ಬರು ಮನೆಗೆ ಬಂದಿದ್ದರು. ಅವರ ಮಗಳು ಫ್ರಾನ್ಸಿನ ಮಾರ್ಸೇ ಎಂಬ ಕಡಲ ಊರಿನಲ್ಲಿ ಓದುತ್ತಿದ್ದಾಳೆ. ಫೆಬ್ರವರಿಯಲ್ಲಿ ಇವರು ಅಲ್ಲಿಗೆ ಹೊರಟಿದ್ದಾರೆ. ನಾನು ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವನಲ್ಲವೆ, ಹಾಗಾಗಿ ಕೇಳಲು ಬಂದರು. ‘ಮೇಷ್ಟ್ರೇ, ಆ ಊರು ಈ ತಿಂಗಳಲ್ಲಿ ಹೆಂಗಿರ್ತದೆ? ಏನೇನು ತಗೊಂಡು ಹೋಗ್ಲಿ?’

ನಾನು ಹೇಳಿದೆ. ‘ತಾಯಿ, ಅದು ಮೆಡಿಟರೇನಿಯನ್ ಸಮುದ್ರದ ದಂಡೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆಯೆಲ್ಲ ಒಣ. ನಮ್ಮದಕ್ಕೆ ಪೂರ್ತಿ ತಿರುವು ಮುರುವು. ಫೆಬ್ರವರಿಯ ಹಗಲು ಹನ್ನೆರಡು, ಹದಿಮೂರು ಡಿಗ್ರಿ. ಬಿಸಿಲು ಚೆನ್ನಾಗಿ ಕಾಣುತ್ತದೆ, ಆದರೆ ಮಿಸ್ಟ್ರಾಲ್ ಅಂತ ಉತ್ತರದಿಂದ ಒಂದು ಗಾಳಿ ಬೀಸುತ್ತದೆ, ಅದು ಸ್ವೆಟರಿನೊಳಗೂ ನುಗ್ಗುತ್ತದೆ. ಉಣ್ಣೆಯ ಜೊತೆಗೆ ಗಾಳಿ ತಡೆಯುವ ಮೇಲಂಗಿಯೂ ಇರಲಿ, ಕೊಡೆಯೂ ಇರಲಿ. ಸಮುದ್ರದ ನೀರು ನಮ್ಮ ಧನುರ್ಮಾಸದ ಕೊಳದ ನೀರಿಗಿಂತ ತಣ್ಣಗಿರುತ್ತದೆ, ನೋಡಬಹುದು, ಇಳಿಯಲಾಗದು. ಆದರೆ ಬಾದಾಮಿ ಗಿಡ ಎಲೆ ಬಿಡುವ ಮೊದಲೇ ಮೈತುಂಬ ಹೂ ಬಿಟ್ಟಿರುತ್ತದೆ, ಆ ದಂಡೆಯ ಊರುಗಳಲ್ಲಿ ಕಿತ್ತಳೆ, ನಿಂಬೆ ಗಿಡಗಳ ಮೇಲೆ ಹಣ್ಣು ಇರುತ್ತದೆ. ಅದನ್ನು ನೋಡದೆ ಬರಬೇಡಿ.’

ಅವರು ಹೋದ ಮೇಲೆ ಒಂದು ಯೋಚನೆ ಬಂತು. ಸಾವಿರಾರು ಮೈಲಿ ದೂರದ ಊರಿಗೆ ಹೊರಡುವವರು ಇಷ್ಟು ವಿಚಾರಿಸಿಕೊಂಡು ಹೋಗುತ್ತಾರೆ. ಹಾಸನದಿಂದ ಬರೀ 170 ಕಿಲೋಮೀಟರ್ ದೂರದ ಮಂಗಳೂರಿಗೆ ಹೊರಡುವಾಗ ಯಾರೂ ಒಂದು ಮಾತು ಕೇಳುವುದಿಲ್ಲ. ಬಸ್ ಹತ್ತುತ್ತೇವೆ, ನೀರಿನಲ್ಲಿ ಆಡುತ್ತೇವೆ, ಫೋಟೋ ತೆಗೆದುಕೊಂಡು ರಾತ್ರಿ ಬಸ್ಸಿಗೆ ವಾಪಸು. ಅದು ಬೇರೆಯದೇ ಹವಾಮಾನದ ನಾಡು ಎಂಬುದು ನಮ್ಮ ಗಮನಕ್ಕೇ ಬರುವುದಿಲ್ಲ. ಆದ್ದರಿಂದ ಇವತ್ತು ಆ ತಾಯಿಗೆ ಮಾರ್ಸೇ ಬಗ್ಗೆ ಹೇಳಿದ ಹಾಗೆಯೇ ನಿಮಗೆಲ್ಲ ಮಂಗಳೂರಿನ ಬಗ್ಗೆ ಹೇಳಬೇಕೆಂದು ಬಂದಿದ್ದೇನೆ.

ಮೊದಲು ಒಂದು ಮೂಲದ ಸಂಗತಿ. ಕಡಲಿಗೂ ಬಾಗಿಲಿದೆ. ಎಷ್ಟೋ ಕಡಲುಗಳ ಬಾಗಿಲು ವರ್ಷದಲ್ಲಿ ಕೆಲವು ತಿಂಗಳು ಮುಚ್ಚುತ್ತದೆ. ಹಳೆಯ ರೋಮನ್ನರ ಕಾಲದಲ್ಲಿ ಮೆಡಿಟರೇನಿಯನ್ ಕಡಲಿನಲ್ಲಿ ನವೆಂಬರ್‌ನಿಂದ ಮಾರ್ಚ್ ಮೊದಲ ವಾರಗಳವರೆಗೆ ಹಡಗು ಬಿಡುವುದನ್ನು ಸಾಧ್ಯವಾದಷ್ಟೂ ತಪ್ಪಿಸುತ್ತಿದ್ದರು. ಬಿರುಗಾಳಿ, ಮೋಡ, ನಕ್ಷತ್ರ ಕಾಣದ ರಾತ್ರಿ. ಅವರು ಆ ಅವಧಿಯನ್ನು ‘ಮುಚ್ಚಿದ ಕಡಲು’ ಎಂದೇ ಕರೆಯುತ್ತಿದ್ದರು. ಮಾರ್ಚ್ 5ರಂದು ಐಸಿಸ್ ದೇವಿಯ ಹಬ್ಬ ಮಾಡಿ, ಸಿಂಗರಿಸಿದ ಒಂದು ಹಡಗನ್ನು ನೀರಿಗೆ ಬಿಟ್ಟು, ಕಡಲು ತೆರೆಯಿತೆಂದು ಸಾರುತ್ತಿದ್ದರು. ಹಾಗಾಗಿ ಅಲ್ಲಿ ಚಳಿಗಾಲದ ಕೊನೆಗೆ ಹೋದರೆ ಬಾಗಿಲು ಇನ್ನೇನು ತೆರೆಯಬೇಕು ಎನ್ನುವ ಹೊತ್ತು.

ನಮ್ಮ ಪಡುವಣ ಕಡಲಿನ ಬಾಗಿಲು ಮುಚ್ಚುವುದು ಮುಂಗಾರಿಗೆ. ಚನ್ನರಾಯಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆಯ ನಾಲ್ಕೈದು ಪಟ್ಟು ಮಂಗಳೂರಿನಲ್ಲಿ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಶ್ರಾವಣದ ಹುಣ್ಣಿಮೆಗೆ ಮೊಗವೀರರು ಸಮುದ್ರಪೂಜೆ ಮಾಡಿ, ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಅಲ್ಲಿಗೆ ಬಾಗಿಲು ತೆರೆದಂತೆ. ಮುಂಗಾರಿನಲ್ಲಿ ಮಂಗಳೂರಿಗೆ ಇಳಿಯುವ ನಮ್ಮ ಘಾಟಿಯ ಬಾಗಿಲೂ ಮುಚ್ಚುವುದುಂಟು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ರಸ್ತೆಯೂ ರೈಲೂ ನಿಂತದ್ದು ನಿಮಗೆ ನೆನಪಿರಬಹುದು. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು.

ಈಗ ಮಾಗಿಯ ಕೊನೆ. ಕಡಲಿನ ಬಾಗಿಲೂ ಘಾಟಿಯ ಬಾಗಿಲೂ ಒಟ್ಟಿಗೆ ಪೂರ್ತಿ ತೆರೆದಿರುವ ಹೊತ್ತು ಇದು. ಏಪ್ರಿಲ್, ಮೇ ತಿಂಗಳಲ್ಲಿ ಹೋದರೂ ತೆರೆದೇ ಇರುತ್ತದೆ, ಆದರೆ ಆಗಿನ ಸೆಕೆ ನಮ್ಮ ಮೈಗೆ ಒಗ್ಗುವುದಿಲ್ಲ. ಹಾಗಾಗಿ ಹೋಗುವುದಿದ್ದರೆ ಈಗ ಹೋಗಿ.

ದಾರಿಯ ಮಾತಿಗೆ ಬರುತ್ತೇನೆ. ಚನ್ನರಾಯಪಟ್ಟಣದವರಿಗೆ ಹೆದ್ದಾರಿ ಮನೆ ಮುಂದೆಯೇ ಇದೆ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ರೈಲು ಬಂದ ಮೇಲೆ ಹಳಿಯೂ ಹತ್ತಿರವಾಯಿತು. ಹೊಳೆನರಸೀಪುರದವರು ಮೈಸೂರಿನಿಂದ ಬರುವ ಗಾಡಿಯಲ್ಲಿ ಹಾಸನ ಸೇರಬಹುದು. ಅರಕಲಗೂಡಿಗೆ ರೈಲಿಲ್ಲ, ಅವರು ಹಾಸನಕ್ಕೆ ಬಸ್ಸಿನಲ್ಲಿ ಬರಬೇಕು. ಒಮ್ಮೆಯಾದರೂ ಹಗಲು ರೈಲಿನಲ್ಲೇ ಹೋಗಿ ಎಂದು ಕೇಳಿಕೊಳ್ಳುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, 57 ಸುರಂಗ. 1979ರಲ್ಲಿ ಇಲ್ಲಿ ಮೀಟರ್ ಗೇಜ್ ಗಾಡಿ ಓಡಿತು. ಆಮೇಲೆ ಹಳಿ ಅಗಲ ಮಾಡಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತು, 2007ರ ಕೊನೆಯಲ್ಲಿ ಮತ್ತೆ ಜನರ ಗಾಡಿ ಶುರುವಾಯಿತು. ಗಾಡಿ ಬಹಳ ನಿಧಾನವಾಗಿ ಇಳಿಯುತ್ತದೆ. ಅವಸರ ಇದ್ದವರಿಗೆ ಬೇಸರವಾಗಬಹುದು, ಕಿಟಕಿ ಪಕ್ಕ ಕೂತ ಮಗುವಿಗೆ ಅದು ಸಾಲುವುದಿಲ್ಲ.

ಆ ದಾರಿಯಲ್ಲಿ ಮಕ್ಕಳಿಗೆ ಒಂದು ವಿಷಯ ತೋರಿಸಿ. ಸಕಲೇಶಪುರದಲ್ಲಿ ನೀವು ಹೇಮಾವತಿಯನ್ನು ನೋಡುತ್ತೀರಿ. ಆ ನೀರು ಗೊರೂರಿನ ಅಣೆಕಟ್ಟೆಗೆ ಬಂದು, ಹೊಳೆನರಸೀಪುರ ದಾಟಿ, ಕಾವೇರಿ ಸೇರಿ, ಪೂರ್ವದ ಕಡಲಿಗೆ ಹೋಗುತ್ತದೆ. ಊರು ಬಿಟ್ಟು ಸ್ವಲ್ಪ ದೂರ ಹೋದರೆ, ದೋಣಿಗಲ್ ದಾಟಿದ ಮೇಲೆ, ಹಳ್ಳಗಳೆಲ್ಲ ಪಡುವಣಕ್ಕೆ ಮುಖ ತಿರುಗಿಸುತ್ತವೆ. ಸಕಲೇಶಪುರ ತಾಲ್ಲೂಕಿನಲ್ಲೇ ಹುಟ್ಟುವ ಎತ್ತಿನಹೊಳೆ ಗುಂಡ್ಯದ ಹೊಳೆಗೆ ಇಳಿದು, ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಅಳಿವೆಯಲ್ಲಿ ಅರಬ್ಬಿ ಕಡಲು ಸೇರುತ್ತದೆ. ಒಂದೇ ಮೋಡದ ಮಳೆ, ಒಂದೇ ಜಿಲ್ಲೆಯ ಗುಡ್ಡ. ಒಂದು ಹನಿ ನಮ್ಮ ಗದ್ದೆಗೆ ಬರುತ್ತದೆ, ಪಕ್ಕದ ಹನಿ ಅವರ ಕಡಲಿಗೆ ಹೋಗುತ್ತದೆ. ಮಂಗಳೂರಿನಲ್ಲಿ ಸೇತುವೆಯ ಮೇಲಿಂದ ನೇತ್ರಾವತಿಯನ್ನು ನೋಡುವಾಗ ಅದರಲ್ಲಿ ನಮ್ಮ ಜಿಲ್ಲೆಯ ನೀರೂ ಇದೆ ಎಂದು ಹೇಳಿ. ಭೂಗೋಳದ ನಕ್ಷೆ ನೋಡಿ ಕಲಿಯಲಾಗದ್ದನ್ನು ಮಕ್ಕಳು ಆ ಒಂದು ಮಾತಿನಿಂದ ಕಲಿಯುತ್ತಾರೆ.

ಗಾಡಿ ಕೆಳಗಿಳಿದಂತೆ ಮೈಗೇ ಗೊತ್ತಾಗುತ್ತದೆ. ಹಾಸನ ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿದೆ. ಅಷ್ಟನ್ನೂ ಕೆಲವೇ ಗಂಟೆಯಲ್ಲಿ ಇಳಿಯುತ್ತೀರಿ. ಒಮ್ಮೆ ನಮ್ಮ ಡಬ್ಬಿಯಲ್ಲಿದ್ದ ಅಜ್ಜಿ ಸುಬ್ರಹ್ಮಣ್ಯ ರೋಡಿನಲ್ಲಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, ‘ಇದೇನವ್ವ ಇದು, ಶಿವರಾತ್ರಿಗೆ ಮುಂಚೇನೇ ಇಂಗೆ ಬೆವರು ಕಿತ್ಕೊಂಡು ಬತ್ತದೆ’ ಎಂದರು. ಮಂಗಳೂರಿನಲ್ಲಿ ಫೆಬ್ರವರಿಯ ಹಗಲು ಮೂವತ್ತೆರಡು, ಮೂವತ್ತಮೂರು ಡಿಗ್ರಿ. ಅಷ್ಟು ಬಿಸಿಲು ನಮ್ಮಲ್ಲೂ ಮಾರ್ಚ್‌ನಲ್ಲಿ ಬರುತ್ತದೆ. ಆದರೆ ಅಲ್ಲಿನ ಗಾಳಿಯಲ್ಲಿ ನೀರಿನಂಶ ತುಂಬ, ಬೆವರು ಆರುವುದಿಲ್ಲ. ಅದನ್ನೇ ಅವರು ಸೆಕೆ ಎನ್ನುತ್ತಾರೆ. ಹತ್ತಿಯ ಸಡಿಲ ಬಟ್ಟೆ ತೊಡಿ, ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಲ್ಲಿರಿ. ಸಂಜೆ ಕಡಲ ಕಡೆಯಿಂದ ತಂಗಾಳಿ ಬಂದಾಗ ಹೊರಗೆ ಬನ್ನಿ. ಶಾಲು, ಸ್ವೆಟರನ್ನು ಚೀಲದ ತಳದಲ್ಲಿಡಿ, ಆದರೆ ಮನೆಯಲ್ಲಿ ಬಿಟ್ಟು ಹೋಗಬೇಡಿ. ಮರಳಿ ಬರುವ ರಾತ್ರಿ ಸಕಲೇಶಪುರದಲ್ಲಿ ಅದು ಬೇಕಾಗುತ್ತದೆ.

ನೀರಿನ ವಿಷಯದಲ್ಲಿ ಒಂದು ವಿನಂತಿ. ಅಷ್ಟು ಮಳೆ ಬೀಳುವ ಊರಾದರೂ ಮಾಗಿ ಕಳೆದ ಮೇಲೆ ಅಲ್ಲಿ ನೀರಿನ ಚಿಂತೆ ಶುರುವಾಗುತ್ತದೆ. ಊರಿಗೆ ಕುಡಿಯುವ ನೀರು ಬರುವುದು ನೇತ್ರಾವತಿಗೆ ಅಡ್ಡಲಾಗಿ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ. ಬಾಗಿಲು ತೆರೆದಿರುವ ಈ ಕಾಲದಲ್ಲಿ ಹೊಳೆ ಸೊರಗುತ್ತ ಹೋಗುತ್ತದೆ. ಉಳಿದುಕೊಂಡ ಮನೆಯಲ್ಲಿ, ವಸತಿಗೃಹದಲ್ಲಿ ನಲ್ಲಿ ಬಿಟ್ಟು ಬರಬೇಡಿ.

ಊಟದ ಬಗ್ಗೆ ನಮ್ಮವರಿಗೆ ಆತಂಕ ಜಾಸ್ತಿ. ಮುದ್ದೆ ಸಿಗುವುದು ಅಪರೂಪ, ಅದನ್ನು ಹುಡುಕುತ್ತ ಅಲೆಯಬೇಡಿ. ಬೆಳಿಗ್ಗೆ ನೀರುದೋಸೆ, ಬನ್ಸ್, ಸಂಜೆ ಗೋಳಿಬಜೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ. ದಪ್ಪ ಕಾಳು, ಕೆಂಪು ಬಣ್ಣ, ಮೊದಲ ತುತ್ತಿಗೆ ವಿಚಿತ್ರ ಅನ್ನಿಸುತ್ತದೆ. ಅದರ ಗಂಜಿಗೆ ಒಂದು ಚಟ್ನಿ, ಉಪ್ಪಿನಕಾಯಿ ಇಟ್ಟುಕೊಂಡು ಉಂಡು ನೋಡಿ. ಸೆಕೆಯಲ್ಲಿ ಹೊಟ್ಟೆಗೆ ಅಷ್ಟು ತಂಪಾದ ಊಟ ಇನ್ನೊಂದಿಲ್ಲ, ಮುದ್ದೆ ಉಣ್ಣುವವರಿಗೆ ಅದರ ಬೆಲೆ ಬೇಗ ತಿಳಿಯುತ್ತದೆ. ಮಾಂಸಾಹಾರಿಗಳಿಗೆ ಕೋರಿ ರೊಟ್ಟಿ ಇದೆ, ಬಂಗುಡೆ, ಭೂತಾಯಿ ಇವೆ. ಬೆಳಿಗ್ಗೆ ಬೇಗ ಎದ್ದು ಹಳೆ ಬಂದರಿನ ದಕ್ಕೆಗೆ ಹೋದರೆ ದೋಣಿಗಳು ಬಂದು ಮೀನು ಇಳಿಸುವುದನ್ನು ಕಾಣಬಹುದು. ಅಲ್ಲಿ ಕೆಲಸ ನಡೆಯುತ್ತಿರುತ್ತದೆ, ಅಡ್ಡ ನಿಲ್ಲದೆ ನೋಡಿ.

ಮಾತಿನಲ್ಲಿಯೂ ಒಂದು ಹೊಸ ಲೋಕ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಅಂಗಡಿಯಲ್ಲಿ ಕನ್ನಡ. ಅವರ ಕನ್ನಡ ನಮಗೆ ಪುಸ್ತಕದ ಹಾಗೆ ಕೇಳಿಸುತ್ತದೆ, ನಮ್ಮದು ಅವರಿಗೆ ಓಡುವ ಕುದುರೆಯ ಹಾಗೆ. ‘ಎಂಥ ಮಾರಾಯ್ರೇ, ಈ ಬಿಸಿಲಿಗೆ ಬಂದದ್ದಾ?’ ಎಂದು ಕೇಳಿದರೆ ಅದು ಆದರದ ಮಾತು, ಆಕ್ಷೇಪವೆಂದು ತಿಳಿಯಬೇಡಿ. ‘ವನಸ್ ಆಂಡಾ?’ ಎಂದರೆ ಊಟ ಆಯಿತಾ ಅಂತ. ಆ ಎರಡು ಪದ ಕಲಿತುಹೋಗಿ ನೀವೇ ಮೊದಲು ಕೇಳಿ, ಎದುರಿನವರ ಮುಖ ಅರಳುತ್ತದೆ.

ರಾತ್ರಿಗಳನ್ನು ವಸತಿಗೃಹದ ಕೋಣೆಯಲ್ಲಿ ಕಳೆಯಬೇಡಿ. ಮಳೆಗಾಲದಲ್ಲಿ ಬಯಲು ಕೆಲಸವೆಲ್ಲ ನಿಲ್ಲುವ ನಾಡು ಅದು, ಆದ್ದರಿಂದ ಬಯಲಿನ ಹಬ್ಬಗಳೆಲ್ಲ ಮಳೆಯಿಲ್ಲದ ಈ ತಿಂಗಳುಗಳಲ್ಲೇ ನಡೆಯಬೇಕು. ರಥಸಪ್ತಮಿಗೆ ರಥಬೀದಿಯಲ್ಲಿ ವೆಂಕಟರಮಣ ದೇವರ ಕೊಡಿಯಾಲ ತೇರು. ಶಿವರಾತ್ರಿಗೆ ಕುದ್ರೋಳಿಯ ಗೋಕರ್ಣನಾಥ, ಅದು ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕ್ಷೇತ್ರ. ಸುತ್ತಲ ಹಳ್ಳಿಗಳ ಕೆಸರುಗದ್ದೆಯಲ್ಲಿ ಕಂಬಳ. ಗದ್ದೆ ಬಯಲಿನಲ್ಲಿ ಹರಕೆಯ ಯಕ್ಷಗಾನ. ಯಾರೋ ಒಬ್ಬರು ಹರಕೆ ಹೊತ್ತು ಆಡಿಸುತ್ತಾರೆ, ಊರೆಲ್ಲ ಬಂದು ನೋಡುತ್ತದೆ, ಟಿಕೆಟ್ಟಿಲ್ಲ. ಮೂಡಲಪಾಯದ ಆಟ ಕಂಡ ನಮ್ಮ ಹಿರಿಯರಿಗೆ ಆ ಚೆಂಡೆಯ ಸದ್ದು ಹೊಸದು, ಕಥೆ ಮಾತ್ರ ನೆಂಟಸ್ತಿಕೆಯದು. ಮೇಳಗಳ ತಿರುಗಾಟ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಗೆ, ಮುಗಿಯುತ್ತದೆ. ಭೂತದ ಕೋಲಕ್ಕೆ ಯಾರಾದರೂ ಕರೆದರೆ ಹೋಗಿ. ಅದು ಪೂಜೆ. ಚಪ್ಪಲಿ ಹೊರಗೆ ಬಿಟ್ಟು, ಕೇಳದೆ ಫೋಟೋ ತೆಗೆಯದೆ ಕೂರಬೇಕು.

ಇನ್ನು ನಾನು ಕೈಮುಗಿದು ಹೇಳುವ ಮಾತು. ಬಹಳ ವರ್ಷದ ಹಿಂದೆ ನಮ್ಮ ಶಾಲೆಯ ಮಕ್ಕಳನ್ನು ಕಡಲ ತೀರಕ್ಕೆ ಕರೆದುಕೊಂಡು ಹೋಗಿದ್ದೆವು. ತುಂಬು ಹೇಮಾವತಿಯನ್ನು ಈಜಿ ದಾಟುವ ಒಬ್ಬ ಹುಡುಗ ನಮ್ಮ ಕಣ್ಣು ತಪ್ಪಿಸಿ ಸೊಂಟದಾಳಕ್ಕೆ ಇಳಿದ. ಅಲೆ ಅವನನ್ನು ಎತ್ತಿ ಹಾಕಲಿಲ್ಲ, ಹಿಂದಕ್ಕೆ ಹೋಗುವ ನೀರು ಕಾಲಡಿಯ ಮರಳನ್ನು ಎಳೆದುಕೊಂಡು ಅವನನ್ನೂ ಎಳೆಯಿತು. ಬಲೆ ಒಣಗಿಸುತ್ತಿದ್ದ ಇಬ್ಬರು ಮೀನುಗಾರರು ನುಗ್ಗಿ ಹಿಡಿದು ತಂದರು. ಅವನು ಬದುಕಿದ. ನನ್ನ ಕೈ ನಡುಕ ನಿಲ್ಲಲು ಎರಡು ದಿನ ಬೇಕಾಯಿತು. ಹೊಳೆಯ ನೀರು ಒಂದೇ ಕಡೆಗೆ ಹರಿಯುತ್ತದೆ. ಕಡಲಿನ ನೀರು ಬರುತ್ತದೆ, ಹೋಗುತ್ತದೆ, ಹೋಗುವಾಗಿನ ಸೆಳೆತವೇ ಅಪಾಯ. ಹೊಳೆಯಲ್ಲಿ ಕಲಿತ ಈಜು ಅಲ್ಲಿ ಸಾಲದು. ಫೆಬ್ರವರಿಯ ಕಡಲು ಶಾಂತವಾಗಿ, ಬೆಚ್ಚಗೆ ಕರೆಯುತ್ತದೆ, ಅದಕ್ಕೇ ಇನ್ನೂ ಎಚ್ಚರ ಬೇಕು. ಜೀವರಕ್ಷಕರಿರುವ ತೀರಕ್ಕೇ ಹೋಗಿ. ಸೋಮೇಶ್ವರದಂಥ ಬಂಡೆಗಳ ತೀರದಲ್ಲಿ ಬಂಡೆಯ ಅಂಚಿಗೆ ಹೋಗಬೇಡಿ. ಮಕ್ಕಳ ಕೈ ಬಿಡಬೇಡಿ. ಸ್ಥಳೀಯ ಮೀನುಗಾರ ‘ಬೇಡ’ ಎಂದರೆ ಎರಡನೆಯ ಮಾತಾಡದೆ ಹಿಂದಕ್ಕೆ ಬನ್ನಿ.

ಕೊನೆಗೆ ಹಳೆಯ ಬಂದರಿನಲ್ಲಿ ಒಂದು ಗಳಿಗೆ ನಿಂತುಕೊಳ್ಳಿ. ಮೆಡಿಟರೇನಿಯನ್ ಕಡಲಿಗೂ ಈ ದಂಡೆಗೂ ಇರುವ ನಂಟು ಇವತ್ತಿನದಲ್ಲ. ಈಗಿನ ಟ್ಯುನೀಷಿಯಾ ದೇಶದ ಮಹ್ದಿಯಾ ಎಂಬ ಮೆಡಿಟರೇನಿಯನ್ ಊರಿನ ವ್ಯಾಪಾರಿ ಅಬ್ರಹಾಂ ಬೆನ್ ಯಿಜು, 1132ರ ಹೊತ್ತಿಗೆ ಮಂಗಳೂರಿಗೆ ಬಂದು ಮುಂದಿನ ಹದಿನೇಳು ವರ್ಷದ ಬಹುಪಾಲು ಇಲ್ಲಿಯೇ ನೆಲೆಸಿದ್ದ. ಆಶು ಎಂಬ ಇಲ್ಲಿನ ಹೆಂಗಸಿನ ಜೊತೆ ಸಂಸಾರ ಮಾಡಿದ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದವನ ಹೆಸರು ಬೊಮ್ಮ. ಇಲ್ಲಿಂದ ಏಡನ್ ಬಂದರಿಗೆ ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಅವನ ವ್ಯಾಪಾರದ ಪತ್ರಗಳು ಈಜಿಪ್ಟಿನ ಕೈರೋದಲ್ಲಿ, ಯಹೂದಿಗಳ ಮಂದಿರವೊಂದರಲ್ಲಿ ಶತಮಾನಗಳ ಕಾಲ ಉಳಿದುಕೊಂಡಿದ್ದರಿಂದ ನಮಗೆ ಈ ಸಂಗತಿ ಗೊತ್ತಾಯಿತು. ಅವನು ಮಂಗಳೂರಿಗೆ ಬಂದಾಗ ಘಾಟಿಯ ಮೇಲೆ ನಮ್ಮ ದೋರಸಮುದ್ರದಲ್ಲಿ ವಿಷ್ಣುವರ್ಧನ ಆಳುತ್ತಿದ್ದ, ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾಗಿ ಹದಿನೈದು ವರ್ಷವಾಗಿತ್ತು. ಬೆನ್ ಯಿಜುವಿನ ಸರಕು ಹೊತ್ತ ಹಡಗುಗಳು ಪಡುವಣಕ್ಕೆ ಹೊರಡುತ್ತಿದ್ದುದು ಮಳೆಗಾಲ ಕಳೆದು ಈಶಾನ್ಯದ ಗಾಳಿ ಬೀಸುವ ಈ ತಿಂಗಳುಗಳಲ್ಲೇ. ಬಾಗಿಲು ಮತ್ತೆ ಮುಚ್ಚುವ ಮುಂಚೆ ಆಚೆ ದಡ ಸೇರಬೇಕು.

ಇವತ್ತು ಅದೇ ಊರಿನಿಂದ ನಮ್ಮ ಜಿಲ್ಲೆಯ ಕಾಫಿ ಕಡಲು ದಾಟುತ್ತದೆ. ಕಣದಲ್ಲಿ ಒಣಗಿದ ಬೀಜ ಲಾರಿಯಲ್ಲಿ ಘಾಟಿ ಇಳಿಯುವುದನ್ನು ಈ ಪ್ರಯಾಣದಲ್ಲಿ ನೀವೇ ಕಾಣುತ್ತೀರಿ. ನಮ್ಮ ದೇಶದ ಕಾಫಿಯ ದೊಡ್ಡ ಗಿರಾಕಿ ಇಟಲಿ, ಅದೂ ಮೆಡಿಟರೇನಿಯನ್ ನಾಡೇ.

ಕೆಳಕ್ಕೆ ಹೋದದ್ದು ಮೇಲಕ್ಕೂ ಬಂದಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಹೊಳೆ ದಂಡೆಯ ಜೇಡಿಮಣ್ಣು ತುಳಿದು, ಅಚ್ಚಿಗೆ ಹಾಕಿ, ಸುಟ್ಟು ಹೆಂಚು ಮಾಡಿದರು. ಆ ಹೊಳೆಗಳ ಮಣ್ಣು ಎಲ್ಲಿಂದ ಇಳಿದು ಬಂದದ್ದು? ಘಟ್ಟದ ಗುಡ್ಡಗಳಿಂದ, ನಾನು ಆಗಲೇ ಹೇಳಿದ ಎತ್ತಿನಹೊಳೆಯಂಥ ಹಳ್ಳಗಳ ಜೊತೆ. ಗುಡ್ಡದಿಂದ ಇಳಿದ ಮಣ್ಣು ಹೆಂಚಾಗಿ ಮತ್ತೆ ಘಾಟಿ ಹತ್ತಿ ಬಂದು ನಮ್ಮ ಮನೆಗಳ ಮೇಲೆ ಕೂತಿತು.

ಆದ್ದರಿಂದ ಹೊರಡುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಮನೆಯದೋ ಪಕ್ಕದ ಮನೆಯದೋ ಹಳೆ ಹೆಂಚೊಂದನ್ನು ಮಕ್ಕಳ ಕೈಗೆ ಕೊಟ್ಟು ತಿರುಗಿಸಿ ನೋಡಲು ಹೇಳಿ. ಎಷ್ಟೋ ಹೆಂಚುಗಳ ಬೆನ್ನ ಮೇಲೆ ಮಂಗಳೂರಿನ ಹೆಸರು ಅಚ್ಚಾಗಿರುತ್ತದೆ. ಅದನ್ನು ಓದಿದ ಮಗು ಘಾಟಿ ಇಳಿದು ಆ ಊರಿಗೆ ಕಾಲಿಟ್ಟಾಗ ಪರಸ್ಥಳಕ್ಕೆ ಬಂದೆನೆಂದುಕೊಳ್ಳುವುದಿಲ್ಲ. ಇಷ್ಟು ವರ್ಷ ನಮ್ಮ ತಲೆಯ ಮೇಲೆ ಮಳೆ ಬೀಳದಂತೆ ಕಾದವರ ಊರಿಗೆ ಬಂದಿದ್ದೇನೆ ಎಂದುಕೊಳ್ಳುತ್ತದೆ.

ಸೆಕೆ ಏರುವ ಮುಂಚೆ ಹೋಗಿ ಬನ್ನಿ. ಕ್ಷೇಮವಾಗಿ ಹೋಗಿ ಬನ್ನಿ.